ಇಳಿಜಾರು ಕಟ್ಟಿದ ಊರು: ಎಡಿನ್‌ಬರೊದಲ್ಲಿ ಒಂದು ಕಾಲ್ನಡಿಗೆ

ಎಡಿನ್‌ಬರೊದ ಹಳೇ ಪಟ್ಟಣವನ್ನು ಮೇಲಿನಿಂದ ಕೆಳಕ್ಕೆ ನಡೆದು ನೋಡಬೇಕು. ಕಾಲಿಗೆ ಸುಲಭ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯಿದೆ. ಸ್ಕಾಟ್ಲೆಂಡಿನ ಈ ರಾಜಧಾನಿಯ ಬಾಳುವೆಯನ್ನು ಶತಮಾನಗಳ ಕಾಲ ನಡೆಸಿದ್ದು ಉದ್ದನೆಯ, ಕಿರಿದಾದ ಒಂದು ದಿಣ್ಣೆ. ಮನೆಗಳು ಅಂತಸ್ತಿನ ಮೇಲೆ ಅಂತಸ್ತು ಏರಿದ್ದು, ಸರದಾರನೂ ಕೂಲಿಯವನೂ ಒಂದೇ ಮೆಟ್ಟಿಲು ಹತ್ತಿದ್ದು, ಊರಿಗೆ ಬೆಂಕಿ ಬಿದ್ದದ್ದು, ಕಟ್ಟಡ ಕುಸಿದದ್ದು, ಕೊನೆಗೆ ಅನುಕೂಲಸ್ಥರೆಲ್ಲ ಕಣಿವೆ ದಾಟಿ ಹೊಸ ಊರು ಕಟ್ಟಿಕೊಂಡದ್ದು, ಇವೆಲ್ಲ ಆ ದಿಣ್ಣೆಯ ಮೇಲೆ ಜಾಗ ಸಾಲದೇ ಹೋದದ್ದರ ಫಲ. ತುದಿಯಿಂದ ಇಳಿಯುತ್ತ ಬಂದವರಿಗೆ ಕಾರಣ ಮೊದಲು ಕಾಣುತ್ತದೆ, ಪರಿಣಾಮ ಒಂದೊಂದಾಗಿ ಎದುರಾಗುತ್ತದೆ. ಇದಕ್ಕೆ ಗೈಡ್ ಬೇಕಿಲ್ಲ, ಬಸ್ಸೂ ಬೇಕಿಲ್ಲ. ಗಟ್ಟಿ ಅಟ್ಟೆಯ ಬೂಟು, ಮಳೆ ತಡೆಯುವ ಕೋಟು ಮತ್ತು ಒಂದಿಡೀ ದಿನ ಇದ್ದರೆ ಸಾಕು.

ಕೋಟೆಯಿಂದ ಹೋಲಿರೂಡ್ ಅರಮನೆಯವರೆಗಿನ ಬೀದಿಗೆ ಕ್ಯಾಸಲ್‌ಹಿಲ್, ಲಾನ್‌ಮಾರ್ಕೆಟ್, ಹೈ ಸ್ಟ್ರೀಟ್, ಕ್ಯಾನನ್‌ಗೇಟ್ ಎಂದು ಭಾಗಕ್ಕೊಂದು ಹೆಸರು. ಎಲ್ಲ ಸೇರಿ ರಾಯಲ್ ಮೈಲ್. ಹಳೆಯ ಸ್ಕಾಟಿಷ್ ಮೈಲಿ ಇಂಗ್ಲಿಷ್ ಮೈಲಿಗಿಂತ ಉದ್ದ. ಈ ಬೀದಿ ಸುಮಾರು 1.8 ಕಿಲೋಮೀಟರ್ ಇದೆ. ನೇರವಾಗಿ ನಡೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನೇರವಾಗಿ ನಡೆಯಬಾರದು. ಎಡಕ್ಕೂ ಬಲಕ್ಕೂ ತೆರೆದುಕೊಳ್ಳುವ ಕತ್ತಲೆಗಟ್ಟಿದ ಸಣ್ಣ ಓಣಿಗಳಿವೆ. ಅವನ್ನು ಇಲ್ಲಿ ಕ್ಲೋಸ್ ಎನ್ನುತ್ತಾರೆ. ಹಳೇ ಪಟ್ಟಣ ಉಳಿದಿರುವುದು ಅಲ್ಲಿ. ದೊಡ್ಡ ಬೀದಿಯಲ್ಲಿರುವುದು ಹೆಚ್ಚಿನಂಶ ಉಣ್ಣೆ ಶಾಲು ಮಾರುವ ಅಂಗಡಿಗಳು.

ಕೋಟೆಯ ಮುಂದಿನ ಬಯಲಲ್ಲಿ ನಿಂತು ಮೊದಲು ನೆಲವನ್ನು ನೋಡಿ. ಕೋಟೆ ಕೂತಿರುವ ಕಪ್ಪು ಬಂಡೆ ಸುಮಾರು 34 ಕೋಟಿ ವರ್ಷಗಳ ಹಿಂದಿನ ಒಂದು ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಶಿಲೆ. ಹಿಮಯುಗದಲ್ಲಿ ಹಿಮನದಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತ ಬಂತು. ಗಟ್ಟಿ ಬಂಡೆ ಬಗ್ಗಲಿಲ್ಲ. ಹಿಮ ಎರಡು ಕವಲಾಗಿ ಎರಡೂ ಬದಿಯ ಮೆತ್ತನೆಯ ಪದರಶಿಲೆಯನ್ನು ಕೆರೆದು ಕಣಿವೆ ಮಾಡಿತು. ಬಂಡೆಯ ಬೆನ್ನಿಗಿದ್ದ ಶಿಲೆ ಮಾತ್ರ ಅದರ ಮರೆಯಲ್ಲಿ ಉಳಿದುಕೊಂಡಿತು. ಮಳೆಗಾಲದ ಹಳ್ಳದಲ್ಲಿ ಗುಂಡುಕಲ್ಲಿನ ಹಿಂದೆ ಮರಳು ಬಾಲದಂತೆ ಉಳಿಯುತ್ತದಲ್ಲ, ಹಾಗೆ. ಆ ಬಾಲವೇ ರಾಯಲ್ ಮೈಲ್. ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಕಣಿವೆ, ಪಶ್ಚಿಮದಲ್ಲಿ ಕಡಿದಾದ ಬಂಡೆ. ಶತ್ರು ಬರಲು ಪೂರ್ವದ ಇಳಿಜಾರೊಂದೇ ಹಾದಿ. ರಾಜನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಸಂಸಾರ ಹೂಡುವವರಿಗೆ ಇದಕ್ಕಿಂತ ಇಕ್ಕಟ್ಟಿನ ಜಾಗವೂ ಇರಲಿಲ್ಲ.

ಕೋಟೆಗೆ ಟಿಕೆಟ್ ದುಬಾರಿ, ಜನಸಂದಣಿಯೂ ಹೆಚ್ಚು. ಒಳಗೆ ಹೋದರೆ 12ನೇ ಶತಮಾನದ ಸೇಂಟ್ ಮಾರ್ಗರೆಟ್ ಪ್ರಾರ್ಥನಾಮಂದಿರವನ್ನು ತಪ್ಪಿಸಬೇಡಿ. ಊರಿನ ಅತ್ಯಂತ ಹಳೆಯ ಕಟ್ಟಡ ಅದು. ಹತ್ತಿರದಲ್ಲೇ 1449ರ ಮಾನ್ಸ್ ಮೆಗ್ ಎಂಬ ಬೃಹತ್ ಫಿರಂಗಿ ಇದೆ. ಹೊರಗೇ ಉಳಿದರೂ ಕೋಟೆಯ ದನಿ ಕೇಳಿಸುತ್ತದೆ: 1861ರಿಂದ ಭಾನುವಾರ ಬಿಟ್ಟು ಬಹುತೇಕ ಎಲ್ಲ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿ ತೋಪು ಹಾರುತ್ತದೆ. ಬಂದರಿನಲ್ಲಿ ನಿಂತ ಹಡಗುಗಳು ಗಡಿಯಾರ ಹೊಂದಿಸಿಕೊಳ್ಳಲಿ ಎಂದು ಶುರುವಾದ ವ್ಯವಸ್ಥೆ ಇದು. ಬಯಲಿನ ಅಂಚಿನ ಗೋಡೆಯಲ್ಲಿ 1894ರ ಒಂದು ಸಣ್ಣ ಕಂಚಿನ ಫಲಕವಿದೆ, ಮಾಟಗಾತಿಯರೆಂದು ಹೆಸರಿಟ್ಟು ಈ ಸ್ಥಳದ ಆಸುಪಾಸಿನಲ್ಲಿ ಸುಡಲಾದವರ ನೆನಪಿಗೆ. ಕೋಟೆಯ ಬಾಗಿಲಿಗೆ ಧಾವಿಸುವ ಗುಂಪು ಅದನ್ನು ಗಮನಿಸುವುದಿಲ್ಲ. ನೀವು ಅಲ್ಲಿ ನಿಲ್ಲಿ. 1563ರ ಕಾಯ್ದೆಯ ಬಲದಿಂದ ಸ್ಕಾಟ್ಲೆಂಡಿನಲ್ಲಿ ಸಾವಿರಾರು ಜನರ ಮೇಲೆ, ಬಹುಪಾಲು ಹೆಂಗಸರ ಮೇಲೆ, ಮಾಟದ ಆಪಾದನೆ ಹೊರಿಸಲಾಯಿತು. 1736ರವರೆಗೂ ಆ ಕಾಯ್ದೆ ಜಾರಿಯಲ್ಲಿತ್ತು.

ಕೆಲವೇ ಹೆಜ್ಜೆ ಇಳಿದರೆ ಎಡಗಡೆ ತುದಿಯಲ್ಲಿ ಗುಮ್ಮಟವಿರುವ ಗೋಪುರ. ಈಗ ಪ್ರವಾಸಿಗರಿಗೆ ಅದು ಕ್ಯಾಮೆರಾ ಒಬ್ಸ್‌ಕ್ಯೂರಾ. ಕತ್ತಲೆ ಕೋಣೆಯ ಮೇಜಿನ ಮೇಲೆ ಇಡೀ ಊರಿನ ಚಲಿಸುವ ಬಿಂಬ ಬೀಳುತ್ತದೆ. 1892ರಲ್ಲಿ ಇದನ್ನು ಕೊಂಡವರು ಪ್ಯಾಟ್ರಿಕ್ ಗೆಡ್ಡಿಸ್. ಜೀವಶಾಸ್ತ್ರ ಓದಿ, ಸಸ್ಯಶಾಸ್ತ್ರದ ಪಾಠ ಹೇಳಿ, ಕೊನೆಗೆ ಊರುಗಳ ವೈದ್ಯನಾದ ಮನುಷ್ಯ. ಬಂದವರನ್ನು ಅವರು ಮೊದಲು ತುದಿಗೆ ಹತ್ತಿಸಿ ಊರನ್ನು ತೋರಿಸುತ್ತಿದ್ದರು. ಆಮೇಲೆ ಒಂದೊಂದೇ ಅಂತಸ್ತು ಇಳಿಸುತ್ತ ಎಡಿನ್‌ಬರೊ, ಸ್ಕಾಟ್ಲೆಂಡ್, ಯುರೋಪ್, ಕೊನೆಗೆ ಜಗತ್ತು ಎಂದು ವಿವರಿಸುತ್ತಿದ್ದರು. ಊರನ್ನು ಅರಿಯುವ ಈ ಕ್ರಮ ನನಗೆ ಬಹಳ ಸರಿಯೆನಿಸುತ್ತದೆ: ಮೊದಲು ಕಣ್ಣು, ಆಮೇಲೆ ವಿವರಣೆ.

ಲಾನ್‌ಮಾರ್ಕೆಟ್ಟಿನಲ್ಲಿ ಮೊದಲ ಓಣಿ ಹೊಕ್ಕಾಗ ದಿಣ್ಣೆಯ ಗಣಿತ ತಿಳಿಯುತ್ತದೆ. 12ನೇ ಶತಮಾನದಲ್ಲಿ ಒಂದನೇ ಡೇವಿಡ್ ದೊರೆಯ ಕಾಲದಿಂದ ಬೀದಿಯ ಎರಡೂ ಬದಿಗೆ ನಿವೇಶನಗಳನ್ನು ಪಟ್ಟಿಗಳಂತೆ ಹಂಚುತ್ತ ಬಂದರು. ಬೀದಿಗೆ ಸುಮಾರು 25 ಅಡಿ ಮುಖ, ಹಿಂದಕ್ಕೆ ಇಳಿಜಾರಿನಲ್ಲಿ 450 ಅಡಿಯಷ್ಟು ಉದ್ದ. ಎದುರಿಗೆ ಮನೆ, ಹಿಂದೆ ಹಿತ್ತಿಲು, ಪಕ್ಕದಲ್ಲಿ ಓಡಾಟಕ್ಕೊಂದು ಓಣಿ. 1513ರಲ್ಲಿ ಫ್ಲಾಡನ್ ಕಾಳಗದಲ್ಲಿ ಸ್ಕಾಟರು ಸೋತರು, ದೊರೆಯೇ ಸತ್ತ. ಇಂಗ್ಲಿಷರು ಬಂದಾರೆಂಬ ಭಯದಲ್ಲಿ ಊರ ಸುತ್ತ ಗೋಡೆ ಎದ್ದಿತು. ಇಂಗ್ಲಿಷರಿಗಿಂತ ಹೆಚ್ಚಾಗಿ ಆ ಗೋಡೆ ಕಟ್ಟಿಹಾಕಿದ್ದು ಊರನ್ನೇ. ಮುಂದಿನ ಇನ್ನೂರೈವತ್ತು ವರ್ಷ ಜನ ಹೆಚ್ಚಿದರು, ಜಾಗ ಹೆಚ್ಚಲಿಲ್ಲ. ಹಿತ್ತಿಲುಗಳಲ್ಲಿ ಮನೆ ಎದ್ದವು. ಮನೆಗಳ ಮೇಲೆ ಮನೆ ಎದ್ದವು. ಬೀದಿಯ ಕಡೆಯಿಂದ ಆರಂತಸ್ತು ಕಾಣುವ ಕಟ್ಟಡ ಹಿಂದಿನ ಇಳಿಜಾರಿನ ಕಡೆಯಿಂದ ಹತ್ತಕ್ಕೂ ಮಿಕ್ಕಿದ ಅಂತಸ್ತಿನದು. 18ನೇ ಶತಮಾನದ ನಡುವಿನ ಹೊತ್ತಿಗೆ ಸುಮಾರು 50,000 ಜನ ಹೀಗೆ ಬದುಕುತ್ತಿದ್ದರು.

ಗ್ಲ್ಯಾಡ್‌ಸ್ಟೋನ್ಸ್ ಲ್ಯಾಂಡ್ ಎಂಬ ಮನೆಯಲ್ಲಿ ಆ ಬದುಕು ಕಣ್ಣಿಗೆ ಕಾಣುತ್ತದೆ. ಥಾಮಸ್ ಗ್ಲೆಡ್‌ಸ್ಟೇನ್ಸ್ ಎಂಬ ವರ್ತಕ 1617ರಲ್ಲಿ ಇದನ್ನು ಕೊಂಡು ಬೀದಿಯ ಕಡೆಗೆ ಮುಂದಕ್ಕೆ ಚಾಚಿ ಕಟ್ಟಿದ. ಅಂತಸ್ತುಗಳನ್ನು ಒಬ್ಬ ಪಾದ್ರಿಗೆ, ಒಬ್ಬ ದಿನಸಿ ವ್ಯಾಪಾರಿಗೆ, ಒಬ್ಬ ಸರದಾರನಿಗೆ ಬಾಡಿಗೆಗೆ ಕೊಟ್ಟ. ಲಿಫ್ಟ್ ಇಲ್ಲದ ಕಾಲದಲ್ಲಿ ಅಂತಸ್ತು ಎಂದರೆ ಅಂತಸ್ತೇ: ಬೀದಿಯ ಗದ್ದಲ, ಗಲೀಜಿನಿಂದ ತುಸು ಮೇಲಿನ ನಡು ಅಂತಸ್ತುಗಳಲ್ಲಿ ಉಳ್ಳವರು, ಕೆಳಗೆ ಅಂಗಡಿ ಮತ್ತು ಬಡವರು, ತುತ್ತತುದಿಗೆ ಮತ್ತೆ ಬಡವರು. ಎಲ್ಲರಿಗೂ ಮೆಟ್ಟಿಲು ಒಂದೇ. ಇಲ್ಲಿನ ಮರದ ಚಾವಣಿಯ ಮೇಲೆ 17ನೇ ಶತಮಾನದ ಹೂಬಳ್ಳಿಗಳ ಬಣ್ಣ ಇನ್ನೂ ಉಳಿದಿದೆ. 1934ರಲ್ಲಿ ಕೆಡವಲು ನಿಂತಿದ್ದ ಈ ಮನೆಯನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಉಳಿಸಿಕೊಂಡಿತು.

ಪಕ್ಕದ ಜೇಮ್ಸ್ ಕೋರ್ಟಿಗೆ ಹೋಗಿ. ದಾರ್ಶನಿಕ ಡೇವಿಡ್ ಹ್ಯೂಮ್ ಇಲ್ಲಿದ್ದರು. ಲೇಖಕ ಜೇಮ್ಸ್ ಬಾಸ್ವೆಲ್ 1773ರಲ್ಲಿ ನಿಘಂಟುಕಾರ ಡಾಕ್ಟರ್ ಜಾನ್ಸನ್ನರನ್ನು ಬರಮಾಡಿಕೊಂಡದ್ದೂ ಇಲ್ಲಿಗೇ. ಮುಂದಿನ ನೂರು ವರ್ಷದಲ್ಲಿ ಇದೇ ಅಂಗಳ ಕೊಳೆಗೇರಿಯಾಯಿತು. ಗೆಡ್ಡಿಸ್ ಮತ್ತು ಅವರ ಹೆಂಡತಿ ಆನಾ ಮದುವೆಯಾದ ಹೊಸತರಲ್ಲಿ, 1887ರ ಸುಮಾರಿಗೆ, ಚೆಂದದ ಬಡಾವಣೆ ಬಿಟ್ಟು ಈ ಕೊಳೆಗೇರಿಗೇ ಬಂದು ನೆಲೆಸಿದರು. ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡ ಇಟ್ಟರು, ನೆರೆಯವರನ್ನೂ ಕೈಜೋಡಿಸುವಂತೆ ಮಾಡಿದರು. ಎದುರುಬದಿಯ ರಿಡಲ್ಸ್ ಕೋರ್ಟನ್ನು ವಿದ್ಯಾರ್ಥಿಗಳ ವಸತಿಯಾಗಿ ದುರಸ್ತಿ ಮಾಡಿದರು. ಕೋಟೆಯ ಪಕ್ಕ ಬಿಳಿ ಗೋಡೆ, ಕೆಂಪು ಮಾಡಿನ ರ‍್ಯಾಮ್ಸೆ ಗಾರ್ಡನ್ ಕಟ್ಟಿಸಿದರು. ಹಳೆಯದನ್ನೆಲ್ಲ ಕೆಡವಿ ಅಗಲ ರಸ್ತೆ ಹೊಡೆಯುವುದೇ ಸುಧಾರಣೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಗೆಡ್ಡಿಸ್ ಹೇಳಿದ್ದು ಬೇರೆ: ಕೆಟ್ಟ ಭಾಗವನ್ನಷ್ಟೇ ತೆಗೆಯಿರಿ, ಗಾಳಿ ಬೆಳಕಿಗೆ ದಾರಿ ಮಾಡಿ, ಉಳಿದದ್ದನ್ನು ಗುಣಪಡಿಸಿ, ಜನರನ್ನು ಒಕ್ಕಲೆಬ್ಬಿಸಬೇಡಿ.

ಈ ಅಂಗಳದಲ್ಲಿ ಕನ್ನಡ ಓದುಗರು ತುಸು ಹೆಚ್ಚು ಹೊತ್ತು ನಿಲ್ಲಬೇಕು. ಇಲ್ಲಿ ಕಲಿತದ್ದನ್ನು ಗೆಡ್ಡಿಸ್ ನಮ್ಮ ಕಡೆಗೂ ತಂದರು. 1914ರಲ್ಲಿ ಅವರು ಭಾರತಕ್ಕೆ ಹೊರಟಾಗ ಅವರ ನಗರ ಪ್ರದರ್ಶನದ ಚಿತ್ರ, ನಕ್ಷೆಗಳನ್ನು ಹೊತ್ತ ಹಡಗನ್ನು ಜರ್ಮನರ ಯುದ್ಧನೌಕೆ ಎಂಡೆನ್ ಮುಳುಗಿಸಿತು. ಮದ್ರಾಸಿನ ಮೇಲೆ ಗುಂಡು ಹಾರಿಸಿದ ಅದೇ ಎಂಡೆನ್. ಗೆಳೆಯರು ಮತ್ತೆ ಸಾಮಗ್ರಿ ಒಟ್ಟುಮಾಡಿ ಕಳಿಸಿದರು, 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಯಿತು. ಆಗ ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ಅವರು ಬರೆದ ವರದಿಗಳಲ್ಲಿ ಬಳ್ಳಾರಿಯೂ ಇದೆ. ತಂಜಾವೂರಿನ ಕೋಟೆಯೊಳಗಿನ ಕೇರಿಗೆ ಎಂಜಿನಿಯರುಗಳು ನೇರ ರಸ್ತೆಗಳ ನಕ್ಷೆ ಹಾಕಿದ್ದರು. ಗೆಡ್ಡಿಸ್ ಕೆಲವೇ ಕೆಲವು ಪಾಳು ಮನೆ ತೆಗೆದು, ಇರುವ ಓಣಿಗಳನ್ನೇ ಸರಿಮಾಡಿ, ಅಲ್ಲಲ್ಲಿ ಮರ ನೆಟ್ಟು ಪುಟ್ಟ ಚೌಕಗಳನ್ನು ಬಿಡಬಹುದೆಂದು ತೋರಿಸಿದರು. ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ. 1919ರಲ್ಲಿ ಅವರು ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕರಾದರು. ರಸ್ತೆ ಅಗಲೀಕರಣದ ಹೆಸರಲ್ಲಿ ನಮ್ಮ ಹಳೇ ಪೇಟೆಗಳ ಮನೆಗೋಡೆಗಳ ಮೇಲೆ ಕೆಂಪು ಗುರುತು ಬೀಳುವುದನ್ನು ಕಂಡವರಿಗೆ ಜೇಮ್ಸ್ ಕೋರ್ಟ್ ಬರೀ ಪ್ರವಾಸಿ ತಾಣವಾಗಿ ಕಾಣಲಾರದು. ನನಗಂತೂ ಇಡೀ ಬೀದಿಯಲ್ಲಿ ಇದಕ್ಕಿಂತ ಮುಖ್ಯವಾದ ಜಾಗವಿಲ್ಲ.

ಮುಂದೆ ಬಲಕ್ಕೆ ನಾಲ್ಕನೇ ಜಾರ್ಜ್ ಸೇತುವೆ. ನದಿಯಿಲ್ಲದ ಸೇತುವೆ ಇದು. ಸಾಲು ಕಟ್ಟಡಗಳ ನಡುವೆ ಸಂದು ಸಿಕ್ಕಲ್ಲಿ ಕೆಳಗೆ ಬಗ್ಗಿ ನೋಡಿದರೆ ತಳದಲ್ಲಿ ಕೌಗೇಟ್ ಎಂಬ ಇನ್ನೊಂದು ಬೀದಿ, ಇನ್ನೊಂದು ಜನಜೀವನ. ಹಿಮ ಕೊರೆದ ದಕ್ಷಿಣದ ಕಣಿವೆ ಅದೇ. ನಕ್ಷೆಯಲ್ಲಿ ಕೂಡುವ ಎರಡು ಬೀದಿಗಳು ನಿಜದಲ್ಲಿ ಕೂಡುವುದಿಲ್ಲ. ಫೋನಿನ ನಕ್ಷೆ ನಂಬಿ ನಡೆಯುವವರು ಇಲ್ಲಿ ದಾರಿ ತಪ್ಪುವುದು ಇದಕ್ಕೇ.

ಕಲ್ಲಿನ ಕಿರೀಟ ಹೊತ್ತ ಸೇಂಟ್ ಜೈಲ್ಸ್ ಚರ್ಚಿಗೆ ಪ್ರವೇಶಧನವಿಲ್ಲ. 15ನೇ ಶತಮಾನದ ಕೊನೆಯ ಆ ಕಿರೀಟವನ್ನು ಹೊರಗಿನಿಂದಲೂ, 1911ರ ಥಿಸಲ್ ಚಾಪೆಲ್ಲಿನ ಮರಗೆತ್ತನೆಯನ್ನು ಒಳಗಿನಿಂದಲೂ ನೋಡಿ. ಹಿಂದಿನ ಪಾರ್ಲಿಮೆಂಟ್ ಚೌಕದಲ್ಲಿ ಜೇಮ್ಸ್ ಬ್ರೇಡ್‌ವುಡ್‌ರ ಪ್ರತಿಮೆಯಿದೆ. 1824ರ ನವೆಂಬರಿನಲ್ಲಿ ಹತ್ತಿರದ ಓಲ್ಡ್ ಅಸೆಂಬ್ಲಿ ಕ್ಲೋಸಿನ ಒಂದು ಮುದ್ರಣದ ಕಾರ್ಯಾಗಾರದಲ್ಲಿ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಎದುರು ಬದುರು ಕೈಗೆಟಕುವಷ್ಟು ಹತ್ತಿರದ ಮನೆಗಳು, ನೀರಿನ ಗಾಡಿ ನುಗ್ಗದ ಓಣಿಗಳು. ಟ್ರಾನ್ ಚರ್ಚಿನ ಶಿಖರವೂ ಉರಿದು ಬಿತ್ತು, ನೂರಾರು ಕುಟುಂಬಗಳು ಬೀದಿಗೆ ಬಂದವು. ಊರಿನ ಹೊಸ ಅಗ್ನಿಶಾಮಕ ದಳದ ಮುಖ್ಯಸ್ಥರಾಗಿ ಬ್ರೇಡ್‌ವುಡ್ ನೇಮಕವಾಗಿ ಕೆಲವೇ ವಾರಗಳಾಗಿದ್ದವು, ವಯಸ್ಸು 24. ಸ್ಥಳದಲ್ಲಿದ್ದ ಅಧಿಕಾರಿಗಳೆಲ್ಲ ಒಬ್ಬೊಬ್ಬರು ಒಂದೊಂದು ಆಜ್ಞೆ ಕೊಟ್ಟು ಗೊಂದಲವಾಗಿತ್ತು; ಬೆಂಕಿಯ ಜಾಗದಲ್ಲಿ ಅಗ್ನಿಶಾಮಕ ಮುಖ್ಯಸ್ಥನ ಮಾತೇ ಕೊನೆ ಎಂಬ ನಿಯಮ ಆ ಅನಾಹುತದಿಂದ ಬಂತು. ಹೊರಗಿನಿಂದ ನೀರೆರಚದೆ ಒಳಹೊಕ್ಕು ಬೆಂಕಿಯ ಮೂಲಕ್ಕೇ ಹೋಗಬೇಕೆಂದು ಅವರು ತಮ್ಮವರಿಗೆ ಕಲಿಸಿದರು. 1861ರಲ್ಲಿ ಲಂಡನ್ನಿನ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಬಿದ್ದು ಸತ್ತರು.

ಬೀದಿಯ ಎಡಬದಿಯ ಅಡ್ವೊಕೇಟ್ಸ್ ಕ್ಲೋಸಿನ ಮೆಟ್ಟಿಲುಗಳ ತಲೆಯಲ್ಲಿ ನಿಂತರೆ ಎರಡು ಗೋಡೆಗಳ ನಡುವಿನ ಸೀಳಿನಲ್ಲಿ ಕಣಿವೆಯಾಚೆಯ, ಕಾದಂಬರಿಕಾರ ವಾಲ್ಟರ್ ಸ್ಕಾಟ್‌ರ ಸ್ಮಾರಕ ಕಾಣುತ್ತದೆ. ನಡುವಿನ ಹಸಿರು ತಗ್ಗು ಹಿಂದೆ ಕೆರೆಯಾಗಿತ್ತು. ರಕ್ಷಣೆಗೆಂದು 1460ರ ಹೊತ್ತಿಗೆ ತುಂಬಿಸಿದ ನಾರ್ ಲಾಖ್ ಊರಿನ ಕೊಚ್ಚೆಗುಂಡಿಯಾಗಿ ನಾರುತ್ತಿತ್ತು. 1759ರಿಂದ ಅದನ್ನು ಬತ್ತಿಸತೊಡಗಿದರು. 1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ಎಳೆಯ ವಾಸ್ತುಶಿಲ್ಪಿಯ ನಕ್ಷೆಗೆ ಒಪ್ಪಿಗೆ ಸಿಕ್ಕಿ ಆಚೆ ದಡದಲ್ಲಿ ನ್ಯೂ ಟೌನ್ ಎದ್ದಿತು: ನೇರ ಬೀದಿ, ಚೌಕ, ತೋಟ. 1772ರಲ್ಲಿ ಕಣಿವೆ ದಾಟುವ ಸೇತುವೆ ತೆರೆಯಿತು. ಹ್ಯೂಮ್ ಆಗಲೇ ಹೊಸ ಊರಿಗೆ ಹೋಗಿದ್ದರು. ವಕೀಲರು, ವರ್ತಕರು ಹಿಂಬಾಲಿಸಿದರು. ನ್ಯೂ ಟೌನ್ ಸುಂದರ ನಿಜ, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇಂದಿನ ನಡಿಗೆಗೆ ಸಂಬಂಧಿಸಿದ್ದು ಅದು ಈಚೆ ದಡಕ್ಕೆ ಮಾಡಿದ್ದು. ಒಂದೇ ಮೆಟ್ಟಿಲು ಹತ್ತುತ್ತಿದ್ದವರು ಬೇರೆಯಾದರು. ಉಳ್ಳವರು ಬಿಟ್ಟುಹೋದ ಕೋಣೆಗಳನ್ನು ಹಲಗೆಯಿಂದ ತುಂಡು ಮಾಡಿ ಬಡವರಿಗೆ, ಹಸಿವಿನಿಂದ ಓಡಿಬಂದ ಐರಿಷರಿಗೆ, ಹೈಲ್ಯಾಂಡ್ಸಿನಿಂದ ಬಂದವರಿಗೆ ಬಾಡಿಗೆಗೆ ಕೊಟ್ಟರು. ದುರಸ್ತಿ ಯಾರಿಗೂ ಬೇಕಿರಲಿಲ್ಲ.

ಅದರ ಫಲ ಹೈ ಸ್ಟ್ರೀಟಿನ ಕೆಳಭಾಗದ ಪೇಸ್ಲಿ ಕ್ಲೋಸಿನಲ್ಲಿದೆ. ಓಣಿಯ ಬಾಗಿಲ ಕಮಾನಿನ ಮೇಲೆ ಒಬ್ಬ ಹುಡುಗನ ಮುಖ ಕೆತ್ತಿದ್ದಾರೆ. 1861ರ ನವೆಂಬರ್ 24ರ ನಡುರಾತ್ರಿ ಕಳೆದ ಮೇಲೆ ಇಲ್ಲಿನ ಹಳೆಯ ವಸತಿಕಟ್ಟಡ ಮಲಗಿದ್ದವರ ಸಮೇತ ಕುಸಿಯಿತು. 35 ಜನ ಸತ್ತರು. ಇನ್ನು ಯಾರೂ ಉಳಿದಿಲ್ಲವೆಂದು ಕೈಚೆಲ್ಲುವ ಹೊತ್ತಿಗೆ ಅವಶೇಷದಡಿಯಿಂದ ಒಬ್ಬ ಹುಡುಗ, ಅಗೆಯಿರಿ, ನಾನಿನ್ನೂ ಸತ್ತಿಲ್ಲ ಎಂದು ಸ್ಕಾಟರ ನುಡಿಯಲ್ಲಿ ಕೂಗಿದ. ಅಗೆದರು, ಬದುಕಿದ. ಅವನ ಆ ಕೂಗನ್ನೇ ಕಮಾನಿನ ಮೇಲೆ ಕೊರೆದಿದ್ದಾರೆ. ಅರಮನೆ, ಕೋಟೆಗಳ ಊರಿನಲ್ಲಿ ಒಬ್ಬ ಬಡ ಹುಡುಗನಿಗೆ ಸಿಕ್ಕ ಈ ಸ್ಮಾರಕ ನನ್ನ ಮಟ್ಟಿಗೆ ಸ್ಕಾಟ್ ಸ್ಮಾರಕದ 61 ಮೀಟರಿಗಿಂತ ಎತ್ತರದ್ದು.

ಆ ಸಾವುಗಳು ಊರನ್ನು ಅಲುಗಿಸಿದವು. ಮರುವರ್ಷವೇ ಹೆನ್ರಿ ಲಿಟಲ್‌ಜಾನ್ ಊರಿನ ಮೊದಲ ಆರೋಗ್ಯಾಧಿಕಾರಿಯಾದರು. 1865ರ ಅವರ ವರದಿ ಕೇರಿ ಕೇರಿಯ ಸಾವು, ಕಾಯಿಲೆ, ಕಿಕ್ಕಿರಿದ ಕೋಣೆ, ಇಲ್ಲದ ಚರಂಡಿಗಳನ್ನು ಅಂಕಿಗಳಲ್ಲಿ ಎದುರಿಗಿಟ್ಟಿತು. 1867ರ ಸುಧಾರಣಾ ಕಾಯ್ದೆ ಬಂತು, ಹೊಸ ರಸ್ತೆಗಳನ್ನು ಕೊರೆದರು. ಸಾಂಕ್ರಾಮಿಕ ರೋಗ ಕಂಡ ವೈದ್ಯರು ಕಡ್ಡಾಯವಾಗಿ ತಿಳಿಸಬೇಕೆಂಬ ನಿಯಮ 1879ರಲ್ಲಿ ಇಲ್ಲಿ ಜಾರಿಯಾದದ್ದೂ ಲಿಟಲ್‌ಜಾನ್ ಪಟ್ಟಿನಿಂದ. ಕೊಳೆ ತೆಗೆಯುವ ಭರದಲ್ಲಿ ಎಷ್ಟೋ ಹಳೆಯ ಮನೆಗಳೂ ನೆಲಕಂಡವು. ಗೆಡ್ಡಿಸ್ ಜೇಮ್ಸ್ ಕೋರ್ಟಿಗೆ ಬಂದದ್ದು ಆ ಬಳಿಕ. ಇಬ್ಬರೂ ಬೇಕಾಗಿತ್ತು ಎಂಬುದು ನನ್ನ ಎಣಿಕೆ: ಲಿಟಲ್‌ಜಾನ್ ಇಲ್ಲದಿದ್ದರೆ ಜನ ಸಾಯುತ್ತಲೇ ಇರುತ್ತಿದ್ದರು, ಗೆಡ್ಡಿಸ್ ಇಲ್ಲದಿದ್ದರೆ ನಡೆಯಲು ಈ ಓಣಿಗಳೇ ಇರುತ್ತಿರಲಿಲ್ಲ.

ಇನ್ನಷ್ಟು ಇಳಿದರೆ ರಸ್ತೆಯಲ್ಲಿ ಹಿತ್ತಾಳೆಯ ತುಂಡುಗಳು ಹುದುಗಿವೆ. 1764ರಲ್ಲಿ ಕೆಡವಿದ ನೆದರ್‌ಬೋ ಎಂಬ ಊರಬಾಗಿಲಿನ ಗುರುತು. ಗೋಡೆಯೊಳಗಿನ ಕೊನೆಯ ಓಣಿಯ ಹೆಸರು ವರ್ಲ್ಡ್ಸ್ ಎಂಡ್ ಕ್ಲೋಸ್. ಊರವರಿಗೆ ಲೋಕ ಅಲ್ಲಿಗೆ ಮುಗಿಯುತ್ತಿತ್ತು.

ಆಚೆಗಿನದು ಕ್ಯಾನನ್‌ಗೇಟ್. 1856ರವರೆಗೂ ಇದು ಬೇರೆಯೇ ಪುರಸಭೆ. ಗೋಡೆಯ ಹೊರಗಿದ್ದುದರಿಂದ ಇಲ್ಲಿ ಉಸಿರಾಡಲು ಜಾಗವಿತ್ತು, ಸರದಾರರ ಮನೆಗಳಿಗೆ ತೋಟಗಳಿದ್ದವು. ಡನ್‌ಬಾರ್ಸ್ ಕ್ಲೋಸ್ ಹೊಕ್ಕರೆ 17ನೇ ಶತಮಾನದ ಮಾದರಿಯಲ್ಲಿ ಮರುರೂಪಿಸಿದ ಒಂದು ತೋಟ ಸಿಗುತ್ತದೆ, ಕಾಲು ಚಾಚಿ ಬುತ್ತಿ ಬಿಚ್ಚಲು ಇದೇ ಜಾಗ. ಪಕ್ಕದ ಕ್ಯಾನನ್‌ಗೇಟ್ ಚರ್ಚಿನಂಗಳದಲ್ಲಿ ಅರ್ಥಶಾಸ್ತ್ರದ ಆಡಮ್ ಸ್ಮಿತ್ ಸಮಾಧಿಯಿದೆ. 1774ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡ ಕವಿ ರಾಬರ್ಟ್ ಫರ್ಗ್ಯುಸನ್ ಸಮಾಧಿಯೂ ಇದೆ. ಗುರುತಿಲ್ಲದ ಆ ಗೋರಿಗೆ ತಮ್ಮ ಖರ್ಚಿನಲ್ಲಿ ಕಲ್ಲು ಹಾಕಿಸಿದವರು ರಾಬರ್ಟ್ ಬರ್ನ್ಸ್; ಒಬ್ಬ ಕವಿ ಇನ್ನೊಬ್ಬ ಕವಿಗೆ ತೀರಿಸಿದ ಋಣ.

ಈ ಕೇರಿಗೂ ಮೈಸೂರಿಗೂ ಒಂದು ನಂಟಿದೆ. ವಾಲ್ಟರ್ ಸ್ಕಾಟ್ 1827ರ ತಮ್ಮ ‘ಕ್ರಾನಿಕಲ್ಸ್ ಆಫ್ ದಿ ಕ್ಯಾನನ್‌ಗೇಟ್’ ಕಥೆಗಳಿಗೆ ಈ ಕೇರಿಯ ಹೆಸರಿಟ್ಟರು. ಅದರಲ್ಲಿನ ‘ದಿ ಸರ್ಜನ್ಸ್ ಡಾಟರ್’ ಸ್ಕಾಟ್ಲೆಂಡಿನಲ್ಲಿ ಶುರುವಾಗಿ ಹೈದರಾಲಿ, ಟಿಪ್ಪುವಿನ ಮೈಸೂರಿನಲ್ಲಿ ಮುಗಿಯುತ್ತದೆ. ಸ್ಕಾಟ್ ಭಾರತಕ್ಕೆ ಬಂದವರೇ ಅಲ್ಲ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸ್ಕಾಟರು ತುಂಬಿಕೊಂಡಿದ್ದರಿಂದ ಶ್ರೀರಂಗಪಟ್ಟಣ ಈ ಊರಿನ ಮಾತುಕತೆಗಳಲ್ಲಿತ್ತು. ಅಲ್ಲಿ ಸೆರೆಯಲ್ಲಿದ್ದು, 1799ರಲ್ಲಿ ಕೋಟೆಯ ಮೇಲಿನ ಲಗ್ಗೆಗೆ ಮುಂದಾಳಾದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಟಿಪ್ಪುವಿನ ಶವ ಕಂಡುಹಿಡಿಯುವ ಬೇರ್ಡ್‌ನನ್ನು ಡೇವಿಡ್ ವಿಲ್ಕಿ 1839ರಲ್ಲಿ ಬೇರ್ಡ್‌ನ ವಿಧವೆಯ ಕೋರಿಕೆಯಂತೆ ಬೃಹತ್ ಚಿತ್ರವಾಗಿಸಿದರು. ಅದು ಈಗ ನ್ಯಾಷನಲ್ ಗ್ಯಾಲರೀಸ್ ಆಫ್ ಸ್ಕಾಟ್ಲೆಂಡಿನ ಸಂಗ್ರಹದಲ್ಲಿದೆ. ಗೆದ್ದವನ ಕಾಲಡಿ ಸೆರೆಮನೆಯ ಕಬ್ಬಿಣದ ಸರಳುಗಳು, ಬೆಳಕೆಲ್ಲ ಅವನ ಮೇಲೆ. ಗೆದ್ದವರು ಬರೆಸಿಕೊಂಡ ಚಿತ್ರವೆಂಬುದನ್ನು ಮರೆಯದೆ ನೋಡಬೇಕಾದ ಚಿತ್ರ.

ಬೀದಿಯ ಬುಡದಲ್ಲಿ ಹೊಸ ಪಾರ್ಲಿಮೆಂಟ್ ಭವನವಿದೆ. ಕೆಟಲಾನ್ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ ರೂಪಿಸಿದ್ದು, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ 2004ರಲ್ಲಿ ತೆರೆದದ್ದು, 41.4 ಕೋಟಿ ಪೌಂಡ್ ನುಂಗಿದ್ದು. ಎದುರಿಗೆ ಹೋಲಿರೂಡ್ ಅರಮನೆ. ಅದರ ಮುಂದಿನ ರಸ್ತೆಯಲ್ಲಿ ಹಿತ್ತಾಳೆಯ ‘ಎಸ್’ ಅಕ್ಷರಗಳನ್ನು ಹುಡುಕಿ. ಆ ಗೆರೆ ದಾಟಿ ಒಳಬಂದ ಸಾಲಗಾರನನ್ನು ಹಿಡಿಯುವಂತಿರಲಿಲ್ಲ. ಮಠದ ಕಾಲದಿಂದ ಬಂದ ಆಶ್ರಯದ ಹಕ್ಕು ಅದು. ಸಾಲಗಾರರು ಇಲ್ಲೇ ಬಿಡಾರ ಹೂಡಿ, ವಸೂಲಿ ನಡೆಯದ ಭಾನುವಾರಗಳಂದು ಮಾತ್ರ ಊರೊಳಗೆ ಓಡಾಡಿ ಮರಳುತ್ತಿದ್ದರು.

ಇಲ್ಲಿಗೇ ನಡಿಗೆ ಮುಗಿಸುವವರು ಹೆಚ್ಚು. ಶಕ್ತಿಯಿದ್ದರೆ ಅರಮನೆಯ ಬೆನ್ನಿಗಿರುವ ಹೋಲಿರೂಡ್ ಪಾರ್ಕಿಗೂ ಹೋಗಿ. ಸ್ಯಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಕೆಂಗಂದು ಬಂಡೆಸಾಲಿನ ದಕ್ಷಿಣ ತುದಿಯಲ್ಲಿ ಹಟನ್ಸ್ ಸೆಕ್ಷನ್ ಇದೆ. ಎಲ್ಲ ಶಿಲೆಗಳೂ ಆದಿಕಾಲದ ಸಮುದ್ರದಲ್ಲಿ ತಳಕ್ಕಿಳಿದು ಗಟ್ಟಿಯಾದವು ಎಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ ಎಡಿನ್‌ಬರೊದ ಜೇಮ್ಸ್ ಹಟನ್ ಈ ಬಂಡೆಯನ್ನು ಕಣ್ಣಿಟ್ಟು ನೋಡಿದರು. ಮೇಲಿನ ಕಪ್ಪುಶಿಲೆ ಕೆಳಗಿನ ಪದರಗಳನ್ನು ಎಬ್ಬಿಸಿ, ಹರಿದು, ಒಂದು ತುಂಡನ್ನು ತನ್ನೊಳಗೆ ಸೆಳೆದುಕೊಂಡಿದೆ. ಹಾಗಾಗಬೇಕಾದರೆ ಪದರಗಳು ಮೊದಲೇ ಇರಬೇಕು, ಕಪ್ಪುಶಿಲೆ ಕುದಿಯುವ ದ್ರವವಾಗಿ ಆಮೇಲೆ ನುಗ್ಗಿರಬೇಕು. ಭೂಮಿ ಒಂದೇ ಸಲಕ್ಕೆ ಆದದ್ದಲ್ಲ, ಅಳತೆಗೆ ಸಿಗದಷ್ಟು ಕಾಲದಿಂದ ಆಗುತ್ತಲೇ ಇದೆ ಎಂಬ ಅವರ ಸಿದ್ಧಾಂತ 1785ರಲ್ಲಿ ಇಲ್ಲಿನ ರಾಯಲ್ ಸೊಸೈಟಿಯ ಮುಂದೆ ಬಂತು. ಬೆರಳಿಟ್ಟು ಆ ಗೆರೆಯನ್ನು ಹಿಂಬಾಲಿಸಬಹುದು; ಅದಕ್ಕೆ ಪದವಿ ಬೇಕಿಲ್ಲ.

ಒಂದು ಕಾಲಕ್ಕೆ ಈ ಬಂಡೆಸಾಲನ್ನೇ ಒಡೆದು ಲಂಡನ್ನಿನ ಬೀದಿಗಳಿಗೆ ಹಾಸುಗಲ್ಲಾಗಿ ಮಾರುತ್ತಿದ್ದರು. ಪಾರ್ಕಿನ ವಂಶಪಾರಂಪರ್ಯ ಮೇಲ್ವಿಚಾರಕನಾಗಿದ್ದ ಹ್ಯಾಡಿಂಗ್ಟನ್ನಿನ ಅರ್ಲ್ ನಡೆಸಿದ ಆ ವ್ಯಾಪಾರದ ವಿರುದ್ಧ ಊರವರು ನ್ಯಾಯಾಲಯಕ್ಕೆ ಹೋದರು, 1831ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕಲ್ಲುಗಣಿಯನ್ನು ನಿಲ್ಲಿಸಿತು. ಬಂಡೆಯ ಬುಡದ ರ‍್ಯಾಡಿಕಲ್ ರೋಡ್ ಎಂಬ ಕಾಲುದಾರಿಯನ್ನು ಕಲ್ಲು ಉರುಳಿದ್ದರಿಂದ 2018ರಲ್ಲಿ ಮುಚ್ಚಿದರು. ಈಗ ಎಲ್ಲಿಯವರೆಗೆ ಬಿಡುತ್ತಾರೆಂಬುದನ್ನು ಹೊರಡುವ ದಿನ ವಿಚಾರಿಸಿಕೊಳ್ಳಿ. ಬಿಡದಿದ್ದರೆ ಪಕ್ಕದ 251 ಮೀಟರಿನ ಆರ್ಥರ್ಸ್ ಸೀಟ್ ಹತ್ತಬಹುದು. ಗಾಳಿ ಜೋರು. ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದ ತೋಪು ಹಾರುವ ಹೊತ್ತಿಗೆ ಕ್ಯಾನನ್‌ಗೇಟ್ ತಲುಪಿರಬೇಕು.